ಪದಚರ್ಚೆ: ತಲೆಬುರುಡೆಯ ಚಿತ್ರದಲ್ಲಿರುವ ‘ಫೇವರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ವಿಲಿಯಂ ಮೈಕಲ್ ಹಾರ್ನೆಟ್ ಎಂಬ ಅಮೆರಿಕದ ಚಿತ್ರಕಾರನ ಬಗ್ಗೆ ಸಣ್ಣದೊಂದು ಬರಹ ಬರೆಯುತ್ತಿದ್ದೇನೆ. ಒಂದೇ ಒಂದು ಪದ ನನ್ನನ್ನು ವಾರದಿಂದ ಹಿಡಿದು ನಿಲ್ಲಿಸಿದೆ.

ಚಿತ್ರ 1879ರದ್ದು. ಈಗ ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯದಲ್ಲಿದೆ. ಹಳೇ ಪುಸ್ತಕಗಳು, ಆರಿದ ಮೇಣದಬತ್ತಿ, ಒಂದು ಮರಳುಗಡಿಯಾರ, ಹಲ್ಲು ಕಿರಿದ ತಲೆಬುರುಡೆ. ಕಿತ್ತುಬಂದ ಪುಸ್ತಕದ ರಟ್ಟಿನ ಮೇಲೆ ‘ಟು ದಿಸ್ ಫೇವರ್’ ಎಂಬ ಮಾತಿದೆ. ಚಿತ್ರದ ಹೆಸರಿನಲ್ಲೂ ಅದೇ ಇದೆ. ಹಾರ್ನೆಟ್ ಹುಟ್ಟಿದ್ದು 1848ರಲ್ಲಿ, ಐರ್ಲೆಂಡಿನಲ್ಲಿ. ಬೆಳೆದದ್ದು ಫಿಲಡೆಲ್ಫಿಯಾದಲ್ಲಿ. ಮೊದಲು ಬೆಳ್ಳಿ ಸಾಮಾನಿನ ಮೇಲೆ ಕೆತ್ತನೆ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಹರಿದ ಕಾಗದದ ಅಂಚನ್ನು ಅಷ್ಟು ನವಿರಾಗಿ ಬರೆಯಲು ಆ ಕೈಪಳಗು ನೆರವಾಗಿರಬೇಕು. 1892ರಲ್ಲಿ ತೀರಿಕೊಂಡ ಮೇಲೆ ಜನ ಅವನನ್ನು ಮರೆತೇಬಿಟ್ಟರು. ಮತ್ತೆ ಬೇಡಿಕೆ ಬಂದಾಗ ಜಾನ್ ಪೀಟೊ ಎಂಬ ಇನ್ನೊಬ್ಬನ ಚಿತ್ರಗಳೂ ಹಾರ್ನೆಟ್‌ನ ಸುಳ್ಳು ಸಹಿ ಹೊತ್ತು ಮಾರಾಟವಾದವು. ಪಾಪ, ಪೀಟೊ!

ಪದಕ್ಕೆ ಬರುತ್ತೇನೆ. ಮಾತು ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದ್ದು. ಸತ್ತ ವಿದೂಷಕನ ಬುರುಡೆ ಹಿಡಿದು ಹ್ಯಾಮ್ಲೆಟ್ ಆ ಬುರುಡೆಗೇ ಹೇಳುತ್ತಾನೆ: ಅಮ್ಮಾವ್ರ ಕೋಣೆಗೆ ಹೋಗು, ಒಂದಂಗುಲ ದಪ್ಪ ಬಣ್ಣ ಬಳಿದುಕೊಂಡರೂ ಕೊನೆಗೆ ಈ ‘ಫೇವರ್’ಗೇ ಬರಬೇಕು ಅಂತ ತಿಳಿಸು. ಇಲ್ಲಿ ಫೇವರ್ ಅಂದರೆ ಕೃಪೆಯೂ ಅಲ್ಲ, ಉಪಕಾರವೂ ಅಲ್ಲ. ಆ ಕಾಲದ ಇಂಗ್ಲಿಷಿನಲ್ಲಿ ಅದಕ್ಕೆ ಮುಖ, ಚಹರೆ ಎಂಬ ಅರ್ಥವೂ ಇತ್ತು. ಕುರೂಪಿಯನ್ನು ‘ಇಲ್-ಫೇವರ್ಡ್’ ಅನ್ನುವುದರಲ್ಲಿ ಆ ಅರ್ಥ ಇನ್ನೂ ಉಳಿದಿದೆ.

‘ಬಣ್ಣ’ ನಮಗೆ ಸುಲಭವಾಗಿ ಒದಗುತ್ತದೆ. ಮುಖಕ್ಕೆ ಹಚ್ಚುವುದೂ ಬಣ್ಣ, ಚಿತ್ರಕ್ಕೆ ಹಚ್ಚುವುದೂ ಬಣ್ಣ. ಕಷ್ಟ ಇರುವುದು ಮುಂದಿನ ಪದದಲ್ಲಿ. ‘ಮುಖ’ ಸಪ್ಪೆ. ‘ಮೊಗ’ ಅಂದ ಕೂಡಲೇ ನಗುಮೊಗ ನೆನಪಾಗುತ್ತದೆ, ಬುರುಡೆಗೆ ಒಗ್ಗುವುದಿಲ್ಲ. ‘ಮೋರೆ’ ಪರವಾಗಿಲ್ಲ, ಆದರೆ ಬೈಗುಳದ ವಾಸನೆ ಸ್ವಲ್ಪ ಜಾಸ್ತಿ. ‘ಈ ಗತಿಗೇ ಬರಬೇಕು’ ಅಂದರೆ ಕನ್ನಡವಾಗಿ ಚೆನ್ನಾಗಿ ಕೂರುತ್ತದೆ, ಆದರೆ ಮುಖವೇ ಕಳೆದುಹೋಗುತ್ತದಲ್ವಾ?

ಬರೀ ವಸ್ತುಗಳನ್ನು ಜೋಡಿಸಿಟ್ಟು ಬರೆಯುವ ಈ ಬಗೆಯ ಚಿತ್ರಕ್ಕೆ, ಇಂಗ್ಲಿಷಿನ ‘ಸ್ಟಿಲ್ ಲೈಫ್’ಗೆ, ಏನನ್ನಬೇಕು ಅನ್ನುವುದೂ ತೊಡಕೇ. ‘ಸ್ತಬ್ಧಚಿತ್ರ’ ಅಂದರೆ ದಸರಾ ಮೆರವಣಿಗೆ ಕಣ್ಣಿಗೆ ಬರುತ್ತದೆ. ‘ಸ್ಥಿರಚಿತ್ರ’ ಅಂದರೆ ಸಿನಿಮಾದ ಫೋಟೊ. ಫ್ರೆಂಚರು ‘ಸತ್ತ ನಿಸರ್ಗ’ ಅನ್ನುತ್ತಾರೆ. ಸದ್ಯಕ್ಕೆ ‘ವಸ್ತುಚಿತ್ರ’ ಎಂದು ಬರೆದುಕೊಂಡಿದ್ದೇನೆ.

ನಿನ್ನೆ ರಾತ್ರಿ ಇನ್ನೊಂದು ಪದ ಹೊಳೆಯಿತು: ‘ಮಾರಿ’. ಧಾರವಾಡದ ಕಡೆ ‘ಮಾರಿ ತೊಳಕೋ’ ಅಂದರೆ ಮುಖ ತೊಳೆದುಕೋ ಅಂತ. ನಾನು ಮೈಸೂರು ಕಡೆಯವನು. ನಮಗೆ ಮಾರಿ ಅಂದರೆ ಮಾರಮ್ಮ, ಜೀವ ತೆಗೆಯುವ ಮಾರಿ. ‘ಎಷ್ಟು ಬಣ್ಣ ಬಳಿದರೂ ಕೊನೆಗೆ ಈ ಮಾರಿಗೇ ಬರಬೇಕು.’ ನನ್ನ ಕಿವಿಗೆ ಮುಖವೂ ಸಾವೂ ಒಟ್ಟಿಗೇ ಕೇಳಿಸುತ್ತವೆ. ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ: ಈ ಸಾಲನ್ನು ಓದಿದಾಗ ನಿಮಗೂ ಎರಡೂ ಕೇಳಿಸುತ್ತವೆಯೇ, ಇಲ್ಲ ಬರೀ ಮುಖವೇ?