ಝಡ್‌ಎಫ್‌ಎಸ್ ಆರ್ಕ್‌ಗೆ ಎಷ್ಟು ಮೆಮೊರಿ ಬಿಟ್ಟಿದ್ದೀರಿ?

ಹೊಸಸರ್ವರ್: 16 ಜಿಬಿ ರ‍್ಯಾಮ್, ಲಿನಕ್ಸ್. ಫೈಲ್‌ಗಳೆಲ್ಲ ಝಡ್‌ಎಫ್‌ಎಸ್ ಫೈಲ್ ಸಿಸ್ಟಂ ಮೇಲೆ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡ ಅದರಲ್ಲೇ. ಆರ್ಕ್ (ಓದಿದ್ದನ್ನು ರ‍್ಯಾಮ್‌ನಲ್ಲಿಡುವ ಝಡ್‌ಎಫ್‌ಎಸ್‌ನ ಕ್ಯಾಶ್) 8 ಜಿಬಿ ಹಿಡಿದು ಕೂತಿದೆ. ಮಿತಿ ಹಾಕಬೇಕಾ, ಹಾಗೇ ಬಿಡಬೇಕಾ? ಮಾಡಿ ನೋಡಿದವರು ಹೇಳಿ.

ರಾತ್ರಿಪಾಳಿ: ಹಾಕಿ. ನಾನು ಹಾಕದೆ ಅನುಭವಿಸಿದೆ. ನನ್ನದು 32 ಜಿಬಿ. ಆರ್ಕ್‌ಗೆ ಅರ್ಧ, ಪೋಸ್ಟ್‌ಗ್ರೆಸ್‌ನ ಸ್ವಂತ ಕ್ಯಾಶ್ ಆದ ಶೇರ್ಡ್ ಬಫರ್ಸ್‌ಗೆ 8, ಉಳಿದದ್ದು ಧಾರಾಳ ಅಂದುಕೊಂಡಿದ್ದೆ. ಒಂದು ರಾತ್ರಿ ಬ್ಯಾಕಪ್ ಜತೆಗೇ ದೊಡ್ಡ ರಿಪೋರ್ಟ್ ಒಂದು ಓಡಿತು. ಕೇಳಿದರೆ ಆರ್ಕ್ ಜಾಗ ಬಿಡುತ್ತದೆ, ಇಲ್ಲ ಅನ್ನಲ್ಲ. ಆದರೆ ಲಿನಕ್ಸ್‌ನ ಮಾಮೂಲಿ ಫೈಲ್ ಕ್ಯಾಶ್ ಆದ ಪೇಜ್ ಕ್ಯಾಶ್‌ನಷ್ಟು ಬೇಗ ಬಿಡುವುದಿಲ್ಲ. ಅಷ್ಟರಲ್ಲಿ ಮೆಮೊರಿ ಮುಗಿದಾಗ ಪ್ರೋಗ್ರಾಂಗಳನ್ನು ಕೊಲ್ಲುವ ಲಿನಕ್ಸ್‌ನ ಓಓಎಂ ಕಿಲ್ಲರ್ ಬಂದು ಡೇಟಾಬೇಸನ್ನೇ ಕೊಂದಿತು. 2:40ಕ್ಕೆ ಎದ್ದವನು ಬೆಳಗಾಗುವವರೆಗೂ ರಿಕವರಿ ನೋಡುತ್ತಾ ಕೂತೆ.

ಅಲ್ಲಿಗೂ ಮುಗಿಯಲಿಲ್ಲ. ಆರ್ಕ್‌ಗೆ 6 ಜಿಬಿ ಮಿತಿ ಹಾಕಲು ಹೋದೆ. 6 ಜಿಬಿ ಅಂದರೆ 6442450944 ಬೈಟ್. ನಿದ್ದೆಗಣ್ಣಲ್ಲಿ ಕೊನೆಯ 4 ಬಿಟ್ಟುಹೋಯಿತು. ಆಯಿತಲ್ಲ, 614 ಎಂಬಿ! ಆರ್ಕ್‌ನ ಕನಿಷ್ಠ ಮಿತಿ ರ‍್ಯಾಮ್‌ನ 32ನೇ ಒಂದು ಭಾಗ, ನನಗೆ 1 ಜಿಬಿ. ಓಡುತ್ತಿರುವಾಗ ಅದಕ್ಕಿಂತ ಕಮ್ಮಿ ಕೊಟ್ಟರೆ ಲೆಕ್ಕಕ್ಕೇ ತಗೊಳ್ಳಲ್ಲ. ನನ್ನ ಹಳೇ ವರ್ಷನ್ ಒಂದು ಮಾತೂ ಹೇಳಲಿಲ್ಲ. ನಾಲ್ಕು ದಿನ ನೆಮ್ಮದಿಯಾಗಿದ್ದೆ. ಐದನೇ ದಿನ ಅದೇ ಕಥೆ.

ಖಾಲಿಜಾಗ: ‘ಅರ್ಧ’ ಅನ್ನುವುದು ಹಳೇ ಮಾತು. ಓಪನ್‌ಝಡ್‌ಎಫ್‌ಎಸ್ 2.3ರಿಂದ, ಮಿತಿ ಹಾಕದಿದ್ದರೆ, 1 ಜಿಬಿ ಬಿಟ್ಟು ಮಿಕ್ಕಿದ್ದೆಲ್ಲ ಆರ್ಕ್‌ಗೇ, ಅಪ್‌ಗ್ರೇಡ್ ಮಾಡಿ ನೋಡಿ ಮಜಾ. ನಾನಂತೂ ಲಿನಕ್ಸ್‌ನ ಮಾಮೂಲಿ ಫೈಲ್ ಸಿಸ್ಟಂ ಎಕ್ಸ್‌ಟಿ4ಗೆ ವಾಪಸ್ ಬಂದೆ. ಹಾಗಂತ ಇಲ್ಲೂ ಪೆಟ್ಟು ತಿಂದಿಲ್ಲ ಅಂತಲ್ಲ. ಲಕ್ಷಗಟ್ಟಲೆ ಪುಟಾಣಿ ಫೈಲ್‌ಗಳಿದ್ದವು. ಡೈರೆಕ್ಟರಿ ಬೇಗ ತೆರೆಯಲಿ ಅಂತ ವಿಎಫ್‌ಎಸ್ ಕ್ಯಾಶ್ ಪ್ರೆಶರ್ ಅನ್ನುವ ಸೆಟ್ಟಿಂಗ್ 100 ಇದ್ದದ್ದನ್ನು 0 ಮಾಡಿದೆ. 0 ಅಂದರೆ ಡೆಂಟ್ರಿ (ಫೈಲ್ ಹೆಸರಿನ ದಾಖಲೆ), ಐನೋಡ್ (ಫೈಲ್‌ನ ವಿವರ) ಯಾವುದನ್ನೂ ಕರ್ನಲ್ (ಲಿನಕ್ಸ್‌ನ ತಿರುಳು) ವಾಪಸ್ ತಗೊಳ್ಳಲ್ಲ. ಕರ್ನಲ್‌ನ ಮೆಮೊರಿ ತೋರಿಸುವ ಸ್ಲ್ಯಾಬ್‌ಟಾಪ್‌ನಲ್ಲಿ ಡೆಂಟ್ರಿ ಸಾಲು ಏರುತ್ತಲೇ ಹೋಯಿತು. ಈಗ 50 ಇಟ್ಟಿದ್ದೇನೆ.

ಸ್ವಚ್ಛಮೆಮೊರಿ: ಇಷ್ಟೆಲ್ಲ ಯಾಕೆ? ನಾನು ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಂ) ಗಂಟೆಗೊಮ್ಮೆ ಡ್ರಾಪ್ ಕ್ಯಾಶಸ್‌ಗೆ 3 ಬರೆದು ಕ್ಯಾಶ್ ಖಾಲಿ ಮಾಡಿಸುತ್ತೇನೆ. ಎರಡು ವರ್ಷದಿಂದ ತೊಂದರೆಯೇ ಇಲ್ಲ.

ಖಾಲಿಜಾಗ: ತೊಂದರೆ ಇಲ್ಲ ಅಲ್ಲ, ನೀವು ನೋಡಿಲ್ಲ. ಗಂಟೆಗೊಮ್ಮೆ ಬಿಸಿ ಕ್ಯಾಶ್ ಚೆಲ್ಲಿ ಮತ್ತೆ ಡಿಸ್ಕ್‌ನಿಂದ ಓದಿಸುತ್ತಿದ್ದೀರಿ. ಫ್ರೀ ಕಮಾಂಡ್‌ನ ಫ್ರೀ ಕಾಲಂ ನೋಡಿ ಖುಷಿಪಡುವವರ ಕೆಲಸ ಇದು. ನೋಡಬೇಕಾದ್ದು ಬೇಕೆಂದಾಗ ಸಿಗುವ ಮೆಮೊರಿ ತೋರಿಸುವ ಅವೇಲಬಲ್ ಕಾಲಂ.

ರಾತ್ರಿಪಾಳಿ: ಝಡ್‌ಎಫ್‌ಎಸ್ ಇದ್ದರೆ ಅದನ್ನೂ ನಂಬಬೇಡಿ. ಆರ್ಕ್ ಅಲ್ಲಿ ಕ್ಯಾಶ್ ಲೆಕ್ಕಕ್ಕೆ ಬರಲ್ಲ, ಯೂಸ್ಡ್‌ಗೆ ಸೇರುತ್ತದೆ.

ಸ್ವಚ್ಛಮೆಮೊರಿ: ಚೆಲ್ಲಲಿ ಬಿಡಿ, ನನ್ನ ಸರ್ವರ್ ನನ್ನಿಷ್ಟ. ಸ್ವಾಪ್ (ರ‍್ಯಾಮ್ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಕೂಡ ತೆಗೆದುಹಾಕಿದ್ದೇನೆ.

ಖಾಲಿಜಾಗ: ಸ್ವಾಪ್ ಇಲ್ವಾ! ಹಾಗಾದರೆ ಮೆಮೊರಿ ಬಿಗಿಯಾದಾಗ ಪ್ರೋಗ್ರಾಂಗಳ ಡೇಟಾ ಹೊರಗೆ ಹೋಗಲು ದಾರಿಯೇ ಇಲ್ಲ. ಕರ್ನಲ್ ಫೈಲ್ ಪೇಜ್‌ಗಳನ್ನೇ ಕೀಳುತ್ತದೆ, ಓಡುತ್ತಿರುವ ಪ್ರೋಗ್ರಾಂನ ಕೋಡ್ ಸಮೇತ. ಕಿತ್ತದ್ದನ್ನು ಮತ್ತೆ ಓದು, ಓದಿದ್ದನ್ನು ಮತ್ತೆ ಕೀಳು. ನನ್ನ ಹಳೇ ಮಷಿನ್ ಹೀಗೇ ಇಪ್ಪತ್ತು ನಿಮಿಷ ಹೆಪ್ಪುಗಟ್ಟಿತ್ತು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಒಂದಕ್ಷರ ಒತ್ತಿ, ಅದು ತೆರೆ ಮೇಲೆ ಬರಲಿ ಅಂತ ಕಾದೆ.

ಸ್ವಚ್ಛಮೆಮೊರಿ: ನಿಮ್ಮ ಮಷಿನ್ ಹಳೇದು ಅಂತ ನೀವೇ ಹೇಳಿದಿರಲ್ಲ.