ಎರಡೆರಡು ಕಾಣುವ ತೊಂದರೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕಣ್ಣಾಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಒಂದು ವಸ್ತು ಎರಡಾಗಿ ಕಾಣುವ ತೊಂದರೆಯ ಬಗ್ಗೆ ರೋಗಿಗಳಿಗೆ ಕೊಡಲು ಒಂದು ಕನ್ನಡ ಕರಪತ್ರ ಆಗಬೇಕಾಗಿದೆ. ವೈದ್ಯರು ಡಿಪ್ಲೋಪಿಯ ಅನ್ನುತ್ತಾರಲ್ಲ, ಅದೇ. ಕೈಗೆ ಬಂದಿರುವ ಕರಡಿನ ತಲೆಬರಹ 'ದ್ವಿದೃಷ್ಟಿ'. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರಿಗೆ ಅದನ್ನು ಓದಿ ಹೇಳಿದೆ. "ದೃಷ್ಟಿ ಆಗಿದ್ರೆ ಮನೇಲೇ ನಿವಾಳಿಸಿ ಹಾಕ್ಬೇಕಪ್ಪ, ಇಲ್ಲಿಗ್ಯಾಕೆ ಬರ್ತಾರೆ" ಅಂದರು.

'ಇಮ್ಮಡಿ ನೋಟ' ಅಂತ ಒಬ್ಬರು ಹೇಳಿದರು. ಅದು ಯಾವುದೋ ಟಾನಿಕ್ಕಿನ ಜಾಹೀರಾತು ಅನ್ನಿಸಿತು. 'ಇಬ್ಬಗೆ ನೋಟ' ಅಂದರೆ ರಾಜಕೀಯದ ಸುದ್ದಿ. ಸಂಸ್ಕೃತದಲ್ಲಿ ಈ ವಿಷಯ ಹೊಸದೇನಲ್ಲ. ಶಂಕರಾಚಾರ್ಯರ ಅಧ್ಯಾಸಭಾಷ್ಯದಲ್ಲಿ (ಅವರ ಬ್ರಹ್ಮಸೂತ್ರ ಭಾಷ್ಯದ ಪೀಠಿಕೆ) ಕಪ್ಪೆಚಿಪ್ಪು ಬೆಳ್ಳಿಯಂತೆ ಕಾಣುವ ಉದಾಹರಣೆಯ ಪಕ್ಕದಲ್ಲೇ ಒಂದೇ ಚಂದ್ರ ಎರಡಿದ್ದಂತೆ ಕಾಣುವ ಉದಾಹರಣೆಯೂ ಇದೆ. ಆದರೆ ಅಲ್ಲಿ ಅದು ಭ್ರಮೆಗೆ ದೃಷ್ಟಾಂತ. ನಮ್ಮಲ್ಲಿಗೆ ಬರುವವರಿಗೆ ಮನೆಯವರು ಮೊದಲೇ "ಅದೆಲ್ಲ ನಿನ್ನ ಭ್ರಮೆ" ಅಂದಿರುತ್ತಾರೆ. ನಾವೂ ಅದೇ ಮಾತು ಅಚ್ಚು ಹಾಕಿಸಿ ಕೊಡೋದು ಬೇಡ.

ರೋಗಿಗಳ ಬಾಯಲ್ಲಿ ಬರುವುದು ಬೇರೆ. ಮೈಸೂರು ಕಡೆಯವರು "ಒಂದು ಎರಡಾಗಿ ಕಾಣುತ್ತೆ" ಅನ್ನುತ್ತಾರೆ. ಹುಬ್ಬಳ್ಳಿ ಕಡೆಯವರು "ಎಲ್ಲಾ ಎರಡೆರಡು ಕಾಣಾಕತ್ತಾವ್ರಿ", ಮಂಗಳೂರಿನವರು "ಎರಡೆರಡು ಕಾಣ್ತದೆ". ಬೆಂಗಳೂರಿನ ಹುಡುಗರದ್ದು ಸುಮ್ನೆ "ಡಬಲ್ ಡಬಲ್". ನನ್ನ ಮತ 'ಎರಡೆರಡು' ಮಾತಿಗೆ. ಕಂಡದ್ದೆಲ್ಲ ಒಂದೊಂದೂ ಎರಡು ಅನ್ನುವುದು ಆ ಪದದಲ್ಲೇ ಇದೆ. ತಲೆಬರಹ 'ಎರಡೆರಡು ಕಾಣುವುದು' ಅಂತಿದ್ದರೆ ಸಾಲದಾ? ಅದನ್ನು 'ಕಾಣುವಿಕೆ' ಮಾಡಿ ಗಂಭೀರಗೊಳಿಸಲೇಬೇಕಾ?

ನಿಜವಾದ ತಕರಾರು ಒಳಪುಟದ್ದು. ಈ ತೊಂದರೆ ಹೇಳಿಕೊಂಡು ಯಾರೇ ಬರಲಿ, ನಾವು ಮೊದಲು ಮಾಡಿಸುವುದು ಒಂದೇ ಕೆಲಸ. ಒಂದು ಕಣ್ಣು ಮುಚ್ಚಿ, ಈಗಲೂ ಎರಡು ಇದೆಯಾ ನೋಡಿ. ಆಮೇಲೆ ಇನ್ನೊಂದು. ಒಂದೇ ಕಣ್ಣಲ್ಲೂ ಎರಡು ಕಂಡರೆ ತೊಂದರೆ ಸಾಮಾನ್ಯವಾಗಿ ಆ ಕಣ್ಣಿನ ಒಳಗೇ ಇರುತ್ತದೆ: ಪೊರೆ, ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಉಬ್ಬುತಗ್ಗು, ಕನ್ನಡಕದ ನಂಬರಿನ ವ್ಯತ್ಯಾಸ, ಕೆಲವೊಮ್ಮೆ ಬರೀ ಒಣಗಣ್ಣು. ಇವರು ನಿಜಕ್ಕೂ ಹೇಳುವುದು "ಅಕ್ಷರಕ್ಕೆ ನೆರಳು ಬಿದ್ದ ಹಾಗೆ" ಅಂತ. ಕನ್ನಡಕ, ಡ್ರಾಪ್ಸ್, ಇಲ್ಲವೇ ಪೊರೆ ಆಪರೇಷನ್, ಇಷ್ಟರಲ್ಲಿ ಹೆಚ್ಚಿನವು ಮುಗಿಯುತ್ತವೆ. ಯಾವ ಕಣ್ಣು ಮುಚ್ಚಿದರೂ ಎರಡು ಹೋಗಿ ಒಂದಾದರೆ ಅದು ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದ್ದು, ಕಾರಣ ಕಣ್ಣಿನ ಹಿಂದೆ, ನರದಲ್ಲಿ, ಮಿದುಳಿನಲ್ಲಿ, ಎಲ್ಲಿ ಬೇಕಾದರೂ ಇರಬಹುದು. ಈ ಎರಡು ಬಗೆಗೆ ಕರಡಿನಲ್ಲಿ 'ಏಕಾಕ್ಷಿ ದ್ವಿದೃಷ್ಟಿ' ಮತ್ತು 'ದ್ವಿನೇತ್ರ ದ್ವಿದೃಷ್ಟಿ' ಅಂತಿದೆ. ಏಕಾಕ್ಷಿ ಅಂದರೆ ಒಕ್ಕಣ್ಣ ಅಲ್ವಾ? 'ಒಂದು ಕಣ್ಣು ಮುಚ್ಚಿದರೂ ಹೋಗದ್ದು', 'ಮುಚ್ಚಿದರೆ ಹೋಗುವುದು' ಅಂತ ನಾನು ಗುರುತು ಹಾಕಿದ್ದೇನೆ. ಉದ್ದವಾಯಿತು, ನಿಜ. ಚಿಕ್ಕದು ಗೊತ್ತಿದ್ದರೆ ಹೇಳಿ.

ಎರಡನೇ ಬಗೆಯೇ ಜಾಸ್ತಿ ಕಷ್ಟದ್ದು. ಪ್ರತಿ ಕಣ್ಣುಗುಡ್ಡೆಯನ್ನು ತಿರುಗಿಸಲು ಆರು ಮಾಂಸಖಂಡಗಳಿವೆ, ಅವುಗಳನ್ನು ಆಳಲು ಮೂರು ನರಗಳು, ಮಿದುಳಿನಿಂದ ಹೊರಡುವ ನರಗಳ ಲೆಕ್ಕದಲ್ಲಿ ಮೂರನೇದು, ನಾಲ್ಕನೇದು, ಆರನೇದು. ಎರಡು ಕಣ್ಣೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಒಟ್ಟಿಗೆ ತಿರುಗಬೇಕು. ಒಂದು ಹಿಂದೆ ಬಿದ್ದರೆ ಎರಡು ಚಿತ್ರ. ಎರಡು ಹೇಗೆ ಕಾಣುತ್ತವೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬರು ಬಂದಿದ್ದರು. ಕತ್ತು ಒಂದು ಪಕ್ಕಕ್ಕೆ ವಾಲಿಸಿಕೊಂಡೇ ಒಳಗೆ ಬಂದರು. ಕತ್ತು ನೆಟ್ಟಗೆ ಮಾಡಿ ಅಂದರೆ ಪೆನ್ನು ಎರಡಾಯಿತು, ಒಂದರ ಮೇಲೊಂದು, ಸ್ವಲ್ಪ ಓರೆ. ಟೀವಿ ನೋಡಲು ತೊಂದರೆ ಇಲ್ಲ, ಮೆಟ್ಟಿಲು ಇಳಿಯುವಾಗ ಮಾತ್ರ "ಯಾವ ಮೆಟ್ಟಿಲು ನಂಬೋದು ಗೊತ್ತಾಗಲ್ಲ ಸಾರ್". ಇಷ್ಟು ಕೇಳಿದರೆ ನಾಲ್ಕನೇ ನರದ ಮೇಲೆ ಅನುಮಾನ ಬರುತ್ತದೆ. ತೀರಾ ತೆಳ್ಳಗಿನ ನರ, ತಲೆಬುರುಡೆಯೊಳಗೆ ಬಹಳ ದೂರ ಸುತ್ತಿ ಬರುತ್ತದೆ, ಪೆಟ್ಟಿಗೆ ಬೇಗ ಸಿಗುತ್ತದೆ. ಆರನೇ ನರವಾದರೆ ಚಿತ್ರಗಳು ಅಕ್ಕಪಕ್ಕ, ದೂರ ನೋಡುವಾಗ ಜಾಸ್ತಿ. ಶುಗರ್, ಬಿಪಿ ಇರುವವರಲ್ಲಿ ಇದು ಬರುವುದುಂಟು. ಹೆಚ್ಚಿನವರಿಗೆ 3 ತಿಂಗಳ ಆಸುಪಾಸಿನಲ್ಲಿ ತಾನಾಗಿ ಸರಿಹೋಗುತ್ತದೆ.

ಈ ನರ ಸೋತದ್ದಕ್ಕೆ ಏನು ಬರೆಯುವುದು? ಕರಡಿನಲ್ಲಿ 'ನರದೌರ್ಬಲ್ಯ' ಇದೆ. ಬಸ್‌ಸ್ಟ್ಯಾಂಡಿನ ಕಾಂಪೌಂಡ್ ಗೋಡೆ ನೋಡಿದ ಯಾರಿಗೂ ಆ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಯಜಮಾನರ ಕೈಗೆ ಈ ಕರಪತ್ರ ಕೊಟ್ಟರೆ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ, ಹೆಂಡತಿಗೂ ತೋರಿಸುವುದಿಲ್ಲ. 'ಲಕ್ವ' ಅಂದರೆ ಅರ್ಧ ಮೈ ಬಿದ್ದುಹೋಯಿತು ಅಂತ ಅಳುತ್ತಾರೆ. 'ಕಣ್ಣು ತಿರುಗಿಸುವ ನರ ಸೋತಿದೆ' ಅನ್ನಬಹುದಾ? ಕೈ ಸೋಲುತ್ತದೆ, ಕಾಲು ಸೋಲುತ್ತದೆ ಅನ್ನುತ್ತೇವಲ್ಲ.

ಇನ್ನು ಮೆಳ್ಳಗಣ್ಣು. ಬೈಗುಳವೂ ಹೌದು, ಅದೃಷ್ಟ ಅನ್ನುವ ನಂಬಿಕೆಯೂ ಇದೆ, ಹಾಗಾಗಿ ಎರಡು ಕಡೆಯಿಂದಲೂ ಕಷ್ಟ. ಓರೆಗಣ್ಣು ಅಂದರೆ ಪದ್ಯದ ನಾಯಕಿ ಬಂದು ನಿಲ್ಲುತ್ತಾಳೆ. ಮಾಲುಗಣ್ಣು ಇವತ್ತು ಎಷ್ಟು ಜನರಿಗೆ ಗೊತ್ತು? ಚಿಕ್ಕಂದಿನಿಂದ ಮೆಳ್ಳಗಣ್ಣಿರುವ ಮಗುವಿಗೆ ಸಾಮಾನ್ಯವಾಗಿ ಎರಡೆರಡು ಕಾಣುವುದಿಲ್ಲ. ಮಿದುಳು ಒಂದು ಕಣ್ಣಿನ ಚಿತ್ರವನ್ನು ಬದಿಗೆ ಸರಿಸಿಬಿಡುತ್ತದೆ, ಹಾಗೇ ಬಿಟ್ಟರೆ ಆ ಕಣ್ಣಿನ ನೋಟ ಬೆಳೆಯುವುದೇ ಇಲ್ಲ. ದೊಡ್ಡವರಿಗೆ ಹೊಸದಾಗಿ ಕಣ್ಣು ವಾರೆಯಾದಾಗ ಎರಡು ಕಾಣುತ್ತದೆ.

'ಇರುಳುಗಣ್ಣು' ಇನ್ನೊಂದು ಎಡವಟ್ಟು. "ಸಂಜೆ ಆದ್ರೆ ಕಣ್ಣು ಸರಿ ಕಾಣಲ್ಲ" ಅಂದ ಕೂಡಲೇ ಆ ಪದ ಬರೆದು ಎ ಜೀವಸತ್ವದ ಮಾತ್ರೆ ಕೊಟ್ಟು ಕಳಿಸಿರುತ್ತಾರೆ. ಸ್ವಲ್ಪ ಕೆದಕಿ ಕೇಳಿದರೆ ಬೆಳಿಗ್ಗೆ ಸರಿ, ಸಂಜೆಗೆ ರೆಪ್ಪೆ ಜೋತುಬಿದ್ದು ಎಲ್ಲ ಎರಡೆರಡು. ಅದು ಮಯಸ್ತೇನಿಯಾ ಇರಬಹುದು, ದುಡಿದಷ್ಟೂ ಮಾಂಸಖಂಡ ಸೋಲುವ ರೋಗ. ಗ್ಲೌಸಿನಲ್ಲಿ ಐಸ್ ತುಂಬಿ ಮುಚ್ಚಿದ ರೆಪ್ಪೆಯ ಮೇಲೆ 2 ನಿಮಿಷ ಇಟ್ಟು ತೆಗೆದರೆ, ಜೋತ ರೆಪ್ಪೆ ಮೇಲೇಳುವುದು ಕಣ್ಣೆದುರೇ ಕಾಣುತ್ತದೆ. ಪಿರಿಡೋಸ್ಟಿಗ್ಮಿನ್ ಮಾತ್ರೆಯಿಂದ ಹಲವರು ಚೇತರಿಸಿಕೊಳ್ಳುತ್ತಾರೆ. ಥೈರಾಯ್ಡಿನಿಂದಲೂ ಕಣ್ಣಿನ ಮಾಂಸಖಂಡ ಊದಿ ಎರಡು ಕಾಣಬಹುದು, ಬೀಡಿ ಸಿಗರೇಟು ಸೇದುವವರಿಗೆ ಅದು ಇನ್ನೂ ಕೆಟ್ಟದ್ದು.

ಹಳ್ಳಿ ಕಡೆಯವರಿಗಾಗಿ ಒಂದು ಸಾಲು ಸೇರಿಸಲೇಬೇಕು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ಎದ್ದಾಗ ಹೊಟ್ಟೆನೋವು, ರೆಪ್ಪೆ ಎಳೆಯುವುದು, ಎರಡೆರಡು ಕಾಣುವುದು. "ನಿದ್ದೆಗಣ್ಣು" ಅಂತ ಬಿಟ್ಟರೆ ಉಸಿರಾಟಕ್ಕೇ ಕುತ್ತು. ಹಾಗೆಯೇ ಇದ್ದಕ್ಕಿದ್ದಂತೆ ಎರಡು ಕಂಡು, ಜೋರು ತಲೆನೋವು, ರೆಪ್ಪೆ ಜೋತು, ಒಂದು ಕಣ್ಣಿನ ಪಾಪೆ (ನಡುವಿನ ಕರಿಬೊಟ್ಟು) ಇನ್ನೊಂದಕ್ಕಿಂತ ದೊಡ್ಡದಾದರೆ ಆ ಕ್ಷಣವೇ ದೊಡ್ಡಾಸ್ಪತ್ರೆ. ಮಿದುಳಿನ ರಕ್ತನಾಳ ಉಬ್ಬಿ ಮೂರನೇ ನರವನ್ನು ಒತ್ತುತ್ತಿರಬಹುದು. ಮಾತು ತೊದಲಿದರೆ, ಕೈಕಾಲು ಬಲ ಇಲ್ಲದಿದ್ದರೆ ಆಗಲೂ ಅಷ್ಟೇ.

ಚಿಕಿತ್ಸೆಯ ಭಾಗಕ್ಕೂ ಪದಗಳು ಬೇಕು. 'ಕಣ್ಣಿಗೆ ಪಟ್ಟಿ ಕಟ್ಟುವುದು' ಅಂದರೆ ಗಾಂಧಾರಿ ನೆನಪಾಗುತ್ತಾಳೆ. ನಾವು ಮಾಡುವುದು ಇಷ್ಟೇ, ಕನ್ನಡಕದ ಒಂದು ಗ್ಲಾಸಿಗೆ ಮಂಜುಮಂಜಾದ ಟೇಪ್ ಅಂಟಿಸುವುದು. ಇನ್ನೊಂದು, ಬೆಳಕನ್ನು ಬಾಗಿಸಿ ಎರಡು ಚಿತ್ರವನ್ನು ಒಂದು ಮಾಡುವ ಪ್ರಿಸಂ. ಅದಕ್ಕೆ ಪಾಠದ ಪುಸ್ತಕದಲ್ಲಿ ಪಟ್ಟಕ, ಅಶ್ರಗ ಎರಡೂ ಇವೆ. ಬೇಡ, ಪ್ರಿಸಂ ಅಂತಲೇ ಇರಲಿ. ಕನ್ನಡಕಕ್ಕೆ ಅಂಟಿಸುವ ತೆಳ್ಳನೆಯ ಪ್ರಿಸಂ ಹಾಳೆಯೂ ಬರುತ್ತದೆ. 6 ತಿಂಗಳಾದರೂ ಸರಿಹೋಗದೆ ಹಾಗೇ ನಿಂತುಬಿಟ್ಟರೆ ಮಾಂಸಖಂಡದ ಆಪರೇಷನ್. ಮಾಂಸಖಂಡವನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ನೂ ಇದೆ. ಅಮೆರಿಕದಲ್ಲಿ 1989ರಲ್ಲಿ ಅದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದೇ ಮೆಳ್ಳಗಣ್ಣಿಗೆ ಮತ್ತು ರೆಪ್ಪೆಯ ಸೆಳೆತಕ್ಕೆ, ಸುಕ್ಕಿಗಲ್ಲ.

ನನಗೆ ಅವಸರವಾಗಿ ಬೇಕಿರುವುದು 'ಪಾಪೆ'ಯ ಬಗ್ಗೆ. ನಮ್ಮ ಕಡೆ ಕಪ್ಪುಗುಡ್ಡೆಗೆಲ್ಲ ಪಾಪೆ ಅನ್ನುವವರೇ ಜಾಸ್ತಿ. ನನಗೆ ಬೇಕಿರುವುದು ಬೆಳಕು ಬಿದ್ದರೆ ಚಿಕ್ಕದಾಗುವ ನಡುವಿನ ಕರಿಬೊಟ್ಟು ಮಾತ್ರ. ನಿಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿದೆಯಾ? ಬೀದರ್, ಚಾಮರಾಜನಗರ, ಕಾಸರಗೋಡು ಕಡೆಯವರು ದಯವಿಟ್ಟು ಬರೆಯಿರಿ. ನಿಘಂಟಿನ ಪದ ಬೇಡ, ಅಮ್ಮನ್ನೋ ಅಜ್ಜನ್ನೋ ಕೇಳಿ ಬರೆದರೆ ಒಳ್ಳೆಯದು.