ಸಹಾಯ ಬೇಕು: ಬಾಲ್ ಪೈಥಾನ್ ಪೊರೆ ತುಂಡು ತುಂಡಾಗಿ ಬರುತ್ತಿದೆ

ನಮಸ್ಕಾರ. ಷಿಕಾಗೊದಲ್ಲಿ ಒಂದೇ ಕೋಣೆಯಲ್ಲಿ ಎರಡು ಬಾಲ್ ಪೈಥಾನ್ ಹಾವು, ಎರಡು ಲೆಪರ್ಡ್ ಗೆಕ್ಕೊ ಹಲ್ಲಿ, ಒಂದು ಬಿಯರ್ಡೆಡ್ ಡ್ರ್ಯಾಗನ್ ಓತಿ ಇವೆ. ಎಲ್ಲಕ್ಕೂ ಬೇರೆ ಬೇರೆ ಗೂಡು. ಚಳಿಗೆ ಮನೆಯ ಹೀಟರ್ ಹಾಕಿದ ಮೇಲೆ ಕೋಣೆಯ ತೇವಾಂಶ 20%ಕ್ಕೆ ಇಳಿದಿದೆ. ಹಾವಿನ ಗೂಡಲ್ಲಿ 60% ಬೇಕು, 40 ದಾಟುತ್ತಿಲ್ಲ. ಅದಕ್ಕೇ ಪೊರೆ ತುಂಡಾಗಿ ಬರುತ್ತಿದೆ, ಒಂದು ಹಾವಿನ ಬಲಗಣ್ಣಿನ ಮೇಲೆ ಹಳೆಯ ಪೊರೆ ಉಳಿದಿದೆ. ಚಿಮಟದಿಂದ ಕೀಳಿ ಎಂದು ದಯವಿಟ್ಟು ಹೇಳಬೇಡಿ, ಕಣ್ಣಿಗೇ ಪೆಟ್ಟಾಗುತ್ತದೆ.

ಹಾವಿನ ಗೂಡು 4×2×2 ಅಡಿ ಗಾಜಿನದು, ಮೇಲೆ ಜಾಲರಿ. ಥರ್ಮೋಸ್ಟಾಟ್ ಜೋಡಿಸಿದ ಸೆರಾಮಿಕ್ ಹೀಟರ್ ಇದೆ. ಬೆಚ್ಚಗಿನ ಬದಿ 32 ಡಿಗ್ರಿ ಸೆಲ್ಸಿಯಸ್, ತಂಪು ಬದಿ 26. ತಳಕ್ಕೆ 4 ಇಂಚು ತೆಂಗಿನ ಸಿಪ್ಪೆಯ ಚೂರು. ಜಾಲರಿಯ ಮುಕ್ಕಾಲು ಭಾಗಕ್ಕೆ ಅಲ್ಯೂಮಿನಿಯಂ ಟೇಪ್ ಅಂಟಿಸಿದೆ. ಸ್ಪ್ರೇ ಮಾಡಿದರೆ ಗಂಟೆಯೊಳಗೆ ಆರುತ್ತದೆ. ಪದೇ ಪದೇ ಮಾಡಿದರೆ ಮೇಲ್ಪದರವೇ ಒದ್ದೆಯಾಗಿ ಹಾವಿನ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಅದಕ್ಕೇ ಮೂಲೆಗಳಲ್ಲಿ ನೀರು ಸುರಿದು ಅಡಿಪದರವನ್ನಷ್ಟೇ ನೆನೆಸುವುದು. ಕೋಣೆಗೇ ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಯಂತ್ರ) ಇಡುವಂತಿಲ್ಲ: ಡ್ರ್ಯಾಗನ್‌ಗೆ ಒಣ ಗಾಳಿ ಬೇಕು, ತೇವ ಹೆಚ್ಚಿದರೆ ಉಸಿರಾಟದ ಸೋಂಕು.

ಕೇಳಬೇಕಾದದ್ದು ಇಷ್ಟು. ಸೆರಾಮಿಕ್ ತೆಗೆದು ರೇಡಿಯಂಟ್ ಹೀಟ್ ಪ್ಯಾನೆಲ್ (ಗೂಡಿನೊಳಗೆ ಮೇಲ್ಭಾಗಕ್ಕೆ ಜೋಡಿಸುವ ಚಪ್ಪಟೆ ಹೀಟರ್) ಹಾಕಿದರೆ ತೇವ ನಿಲ್ಲುತ್ತದೆಯೇ? ಜಾಲರಿಯ ಗಾಜಿನ ಗೂಡು ಬಿಟ್ಟು ಮುಂಬಾಗಿಲಿನ ಪಿವಿಸಿ ಗೂಡಿಗೇ ಬದಲಾಯಿಸಬೇಕೇ? ಒದ್ದೆ ಪಾಚಿ (ಮಾಸ್) ತುಂಬಿದ ಡಬ್ಬಿಯನ್ನು ಬೆಚ್ಚಗಿನ ಬದಿಯಲ್ಲಿಟ್ಟರೆ ಕಣ್ಣಿನ ಪೊರೆ ಮುಂದಿನ ಸಲ ತಾನಾಗಿ ಬರುತ್ತದೆಯೇ, ಅಥವಾ ಈಗಲೇ ಸರೀಸೃಪ ವೈದ್ಯರಿಗೆ ತೋರಿಸಬೇಕೇ? ಇಂಥದೇ ಒಣ ಚಳಿಯ ಊರಲ್ಲಿ ಸಾಕುತ್ತಿರುವವರು ನಿಮ್ಮ ಗೂಡಿನ ಅಳತೆ, ಹೀಟರ್‌ನ ವ್ಯಾಟ್ ಸಹಿತ ತಿಳಿಸಿ.